ಫೋನಿನಲ್ಲಿ ನಿಂತ ಮಂಗಳಾರತಿ

ನನ್ನ ಹೆಂಡತಿ ಗಂಗೋತ್ರಿ ಕಂಪ್ಯೂಟರ್ ವಿಜ್ಞಾನಿ. ಈ ಮಾತನ್ನು ಅಂಗಡಿಯಲ್ಲಿ ಹೇಳಿದಾಗೆಲ್ಲ ಎದುರಿಗೆ ನಿಂತವರು ತಮ್ಮ ಫೋನ್ ತೆಗೆದು ನನ್ನ ಕೈಗೆ ಕೊಡುತ್ತಾರೆ. ಚಾರ್ಜ್ ನಿಲ್ಲುತ್ತಿಲ್ಲವಂತೆ, ಒಂದು ಸಲ ಮೇಡಂ ಅವರಿಗೆ ತೋರಿಸಬೇಕಂತೆ. ಆಂಧ್ರದ ಗಡಿಯಂಚಿನ ಬೊಮ್ಮನಹಾಳ್‌ನಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಯಾವಾಗಲೂ ಯಾರದೋ ಒಂದು ಸತ್ತ ಫೋನ್ ಬಿದ್ದಿರುತ್ತದೆ. ಅವಳು ಮಾಡುವುದು ರಿಪೇರಿಯಲ್ಲ, ಫೋನಿನಲ್ಲಿ ವಿಡಿಯೊ ನಡುವೆ ಯಾಕೆ ನಿಲ್ಲುತ್ತದೆ, ನಿಲ್ಲದ ಹಾಗೆ ಏನು ಮಾಡಬೇಕು ಎಂಬ ಸಂಶೋಧನೆ ಎಂದು ತಿಳಿಸಿ ಹೇಳಿದರೆ, "ಸಿಗ್ನಲ್ ಇರಂಗಿಲ್ಲ, ಅದಕ್ಕ ನಿಂದರತೈತಿ. ಇದಕ್ಕ ಇಷ್ಟು ವರ್ಷ ಬೇಕೇನ್ರಿ?" ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟೆ, ಯಾಕೆಂದರೆ ಅವಳು ಉತ್ತರ ಹೇಳಲು ಶುರು ಮಾಡುತ್ತಿದ್ದಳು.

ಅವಳು ರಾಯದುರ್ಗದವಳು. ಮಾವ ಜಯಣ್ಣನವರು ಜೀನ್ಸ್ ಪ್ಯಾಂಟು ಹೊಲಿಸುತ್ತಿದ್ದರು. ಕೆಳಗೆ ಹೊಲಿಗೆ ಮಿಷನ್ನುಗಳು, ಮೇಲೆ ಸಂಸಾರ, ಅದರ ಮೇಲೆ ಮಹಡಿ, ಮಹಡಿಯ ಮೇಲೆ ಟೀವಿಯ ಆಂಟೆನಾ. ಆಂಟೆನಾವನ್ನು ಈ ಕಡೆ ತಿರುಗಿಸಿದರೆ ತೆಲುಗು ಬರುತ್ತಿತ್ತು, ಆ ಕಡೆ ತಿರುಗಿಸಿದರೆ ಕನ್ನಡ ಬರುತ್ತಿತ್ತು, ಸುಮ್ಮನೆ ಬಿಟ್ಟರೆ ಎರಡೂ ಬರುತ್ತಿರಲಿಲ್ಲ. ಭಾನುವಾರದ ಸಿನಿಮಾಕ್ಕೆ ಮಹಡಿ ಹತ್ತಿ ಅದನ್ನು ತಿರುಗಿಸುವುದು ಗಂಗೋತ್ರಿಯ ಪಾಲಿನ ಕೆಲಸ. ಅವಳು ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಚಿತ್ರ ಕನ್ನಡಿಯಂತೆ ಬರುತ್ತಿತ್ತು, ಕೈ ಬಿಟ್ಟು ಮೆಟ್ಟಿಲಿಳಿದರೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆಗಳು. ಕೊನೆಯ ದೃಶ್ಯ ಬಂದಾಗ ಮನೆಮಂದಿ, ಹೊಲಿಗೆಯವರು ಎಲ್ಲ ಸೇರಿ ಕೆಳಗಿನಿಂದ, "ಗಂಗೋತ್ರೀ, ಬಿಡಬ್ಯಾಡ, ಅಲ್ಲೇ ಹಿಡಕೊ" ಎಂದು ಕೂಗುತ್ತಿದ್ದರಂತೆ. ಹೀಗಾಗಿ ಚಿಕ್ಕಂದಿನಲ್ಲಿ ಅವಳು ಯಾವ ಸಿನಿಮಾದ ಕೊನೆಯನ್ನೂ ಕಂಡವಳಲ್ಲ, ಮಹಡಿಯಿಂದ ಕೇಳಿಸಿಕೊಂಡವಳು. ಮದುವೆಯ ನಂತರ ನಾನು ಬಳ್ಳಾರಿಯ ಥಿಯೇಟರಿಗೆ ಕರೆದುಕೊಂಡು ಹೋದಾಗಲೂ, ಕೊನೆಯ ದೃಶ್ಯದಲ್ಲಿ ಅವಳು ಹಿಂದಕ್ಕೆ ತಿರುಗಿ ಬೆಳಕು ಬರುವ ಕಿಂಡಿಯನ್ನೇ ನೋಡುತ್ತಿದ್ದಳು. ಟಿಕೆಟಿನ ದುಡ್ಡು ದಂಡ ಎಂದು ನನಗೆ ಅನ್ನಿಸಿತ್ತು.

ಈಗ ಬಳ್ಳಾರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಜೊತೆಗೆ ಅನಂತಪುರದಲ್ಲಿ ಪಿಎಚ್‌ಡಿ. ಈ ಪಿಎಚ್‌ಡಿ ನಮ್ಮ ಮನೆಗೆ ಬಂದು ಎಷ್ಟು ಕಾಲವಾಯಿತೆಂದರೆ, ಅದಕ್ಕೂ ಒಂದು ಮೂಲೆ, ಒಂದು ಮೇಜು, ಒಂದು ಫ್ಯಾನು ಇದೆ. ಮೊದಲು ಅದು ನಾನು ಮಧ್ಯಾಹ್ನ ಮಲಗುವ ಜಾಗವಾಗಿತ್ತು. ಕಳೆದ ವರ್ಷ ಕಾಲೇಜಿನವರು, ಡಾಕ್ಟರೇಟ್ ಇಲ್ಲದವರಿಗೆ ಮುಂದಿನ ವರ್ಷದಿಂದ ಪಾಠವಿಲ್ಲ ಎಂದು ಹೇಳಿಬಿಟ್ಟರು. ಅತ್ತ ವಿಶ್ವವಿದ್ಯಾಲಯದವರೂ ಇದೇ ಕೊನೆಯ ಅವಕಾಶ, ಇನ್ನು ಗಡುವು ಮುಂದೆ ಹೋಗುವುದಿಲ್ಲ ಎಂದರು. ಅಂದರೆ ಪ್ರಬಂಧ ಗೆದ್ದರೆ ಕೆಲಸವೂ ಉಂಟು, ಹೆಸರಿನ ಮುಂದೆ ಡಾಕ್ಟರೂ ಉಂಟು. ಬಿದ್ದರೆ ಎರಡೂ ಇಲ್ಲ. ನನ್ನ ಅವ್ವ ದ್ರಾಕ್ಷಾಯಣಮ್ಮ ಆಗಲೇ ಓಣಿಯಲ್ಲೆಲ್ಲ ಸೊಸೆ ಡಾಕ್ಟರಾಗುತ್ತಾಳೆ ಎಂದು ಸಾರಿಬಿಟ್ಟಿದ್ದರಿಂದ, ಬಿದ್ದರೆ ನಾನು ಯಾವ ದಾರಿಯಿಂದ ಅಂಗಡಿಗೆ ಹೋಗಬೇಕು ಎಂಬುದೂ ಒಂದು ಪ್ರಶ್ನೆಯಾಗಿತ್ತು.

ಅವಳ ಸಂಶೋಧನೆ ಏನೆಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳಿಬಿಡುತ್ತೇನೆ. ವಿಡಿಯೊ ಎಂಬುದು ಫೋನಿಗೆ ಇಡಿಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಒಂದೊಂದು ತುಂಡೂ ದೊಡ್ಡದು, ನಡುತರದ್ದು, ಸಣ್ಣದು ಎಂದು ಹಲವು ಅಳತೆಯಲ್ಲಿ ಸಿದ್ಧವಾಗಿರುತ್ತದೆ. ದೊಡ್ಡ ತುಂಡಿನಲ್ಲಿ ಚಿತ್ರ ಸ್ವಚ್ಛ, ಸಣ್ಣದರಲ್ಲಿ ಮಸುಕು. ಮುಂದಿನ ತುಂಡು ಯಾವ ಅಳತೆಯದಿರಲಿ ಎಂದು ಫೋನು ಮತ್ತೆ ಮತ್ತೆ ತೀರ್ಮಾನ ಮಾಡುತ್ತಿರಬೇಕು. ಕಾಲುವೆಯಲ್ಲಿ ನೀರು ಕಡಿಮೆಯಿರುವಾಗ ದೊಡ್ಡ ಗದ್ದೆಗೆ ನೀರು ತಿರುಗಿಸಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ: ತುಂಡು ಬರುವುದು ತಡವಾಗಿ, ಚಿತ್ರ ನಿಂತು, ಪರದೆಯ ನಡುವೆ ಒಂದು ಚಕ್ರ ತಿರುಗುತ್ತದೆ. ನಮ್ಮ ಊರು ಬೊಮ್ಮನಹಾಳ್‌ನಿಂದ ನೇಮಕಲ್ಲಿಗೆ ಹೋಗುವ ದಾರಿಯಲ್ಲಿದೆ. ಪಡಸಾಲೆಯಲ್ಲಿ ಕೂತರೆ ಆಂಧ್ರದ ಟವರ್ ಸಿಗುತ್ತದೆ, ಹಿತ್ತಲಿಗೆ ಹೋದರೆ ಕರ್ನಾಟಕದ ಟವರ್. ಆಂಟೆನಾ ಕಾಲದಿಂದ ಇಲ್ಲಿ ಏನೂ ಬದಲಾಗಿಲ್ಲ.

ಗಂಗೋತ್ರಿ ಬರೆದದ್ದು ಈ ತೀರ್ಮಾನವನ್ನು ತಾನೇ ಕಲಿಯುವ ಪ್ರೋಗ್ರಾಂ. ಅದಕ್ಕೆ ಯಾರೂ ಪಾಠ ಹೇಳುವುದಿಲ್ಲ. ನೋಡುವವರು ನೋಡುತ್ತ ಕೂತರೆ ಅದಕ್ಕೆ ಮಾರ್ಕ್ಸ್, ಎದ್ದು ಬಂದ್ ಮಾಡಿದರೆ ಮಾರ್ಕ್ಸ್ ಕಟ್. ಮಾರ್ಕ್ಸ್ ಹೆಚ್ಚು ಸಿಗುವ ದಾರಿಯನ್ನು ಅದು ಹುಡುಕಿಕೊಳ್ಳುತ್ತ ಹೋಗುತ್ತದೆ. ಅವಳಿಗಿಂತ ಮುಂಚೆ ಇದನ್ನು ಮಾಡಿದವರೆಲ್ಲ ಚಿತ್ರ ನಿಂತರೆ ಇಷ್ಟು ದಂಡ ಎಂದು ತಾವೇ ಬರೆದಿಡುತ್ತಿದ್ದರಂತೆ. ಇವಳು ಆ ದಂಡವನ್ನು ತೆಗೆದುಹಾಕಿದಳು. ಜನಕ್ಕೆ ಯಾವುದು ಬೇಸರ ಎಂದು ನಾವ್ಯಾಕೆ ಹೇಳಬೇಕು, ಜನರೇ ಎದ್ದು ಹೋಗಿ ತೋರಿಸಲಿ ಎಂಬುದು ಅವಳ ವಾದ. ಇದೇ ಪ್ರಬಂಧದಲ್ಲಿ ಹೊಸದು. ಅನಂತಪುರದ ಗೈಡ್ ಸಾರ್ ಕೂಡ ಇದನ್ನು ಕೇಳಿ ಚಹಾ ತರಿಸಿದರಂತೆ, ಅವರು ಚಹಾ ತರಿಸುವವರಲ್ಲ.

ನೋಡುವ ಜನ ಬೇಕಲ್ಲ, ಅದಕ್ಕೆ ನಮ್ಮೂರ ವೀರಭದ್ರ ದೇವರ ಗುಡಿ ಸಿಕ್ಕಿತು. ಕೊರೊನಾ ಕಾಲದಲ್ಲಿ ಗುಡಿ ಮುಚ್ಚಿದಾಗ ಸೋಮವಾರದ ಪೂಜೆಯನ್ನು ಫೋನಿನಲ್ಲಿ ತೋರಿಸಲು ಅವಳೇ ಒಂದು ಕ್ಯಾಮರಾ ಕೂರಿಸಿ, ಒಂದು ಆ್ಯಪ್ ಮಾಡಿಕೊಟ್ಟಿದ್ದಳು. ಗುಡಿ ತೆರೆದ ಮೇಲೂ ಅದು ನಿಲ್ಲಲಿಲ್ಲ. ನಡೆಯಲಾಗದ ಮುದುಕರು ನೋಡುತ್ತಿದ್ದರು, ಬಳ್ಳಾರಿ, ಗುಂತಕಲ್ಲಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ನೋಡುತ್ತಿದ್ದರು, ಭತ್ತದ ನಾಟಿಗೆ ಹೋದವರು ಬದುವಿನ ಮೇಲೆ ಫೋನ್ ನಿಲ್ಲಿಸಿಕೊಂಡು ನೋಡುತ್ತಿದ್ದರು. ಗುಡಿ ಕಮಿಟಿಯ ಗಾದಿಲಿಂಗಪ್ಪನವರು ಒಪ್ಪಿದರು, ಆ್ಯಪ್ ಹಾಕಿಕೊಂಡವರೆಲ್ಲ ಒಪ್ಪಿದರು, ಅವಳ ಪ್ರೋಗ್ರಾಂ ನಮ್ಮೂರ ಫೋನುಗಳಲ್ಲಿ ಸೋಮವಾರಕ್ಕೊಮ್ಮೆ ಪಾಠ ಕಲಿಯತೊಡಗಿತು. ಗಂಗೋತ್ರಿಗೆ ದೇವರ ಮೇಲೆ ಅಂಥ ಭಕ್ತಿಯೇನೂ ಇಲ್ಲ. ಗುಡಿಗೆ ಬಂದರೂ ಕೈ ಮುಗಿದುಕೊಂಡು ಕ್ಯಾಮರಾದ ವೈರನ್ನು ನೋಡುತ್ತಿರುತ್ತಾಳೆ. ಯಾರ ಫೋನು ಯಾವುದೆಂದು ಅವಳಿಗೂ ತಿಳಿಯದ ಹಾಗೆ ಎಲ್ಲಕ್ಕೂ ನಂಬರ್ ಕೊಟ್ಟಿದ್ದಳು. ನನ್ನದು ಮಾತ್ರ ತಿಳಿಯುತ್ತದೆ, ಯಾಕೆಂದರೆ ಆ್ಯಪ್ ಮೊದಲು ಹಾಕಿ ನೋಡಿದ್ದು ನನ್ನ ಫೋನಿಗೆ. ಒಂದನೇ ನಂಬರಿನವನು ಎಲ್ಲರಿಗಿಂತ ಬೇಗ ಬಂದ್ ಮಾಡುತ್ತಾನೆ ಎಂದು ಪ್ರಬಂಧದಲ್ಲಿ ಒಂದು ಸಾಲು ಇದೆ. ನನಗೆ ಅಂಗಡಿ ತೆಗೆಯುವ ಹೊತ್ತು ಅದು, ಇದನ್ನು ಅವಳು ಬರೆದಿಲ್ಲ.

ಫಲಿತಾಂಶ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ, ಹೊರದೇಶದವರು ಬರೆದ ಪ್ರೋಗ್ರಾಂಗಳಿಗಿಂತ ಇವಳದರಲ್ಲಿ ಜನ ಹೆಚ್ಚು ಹೊತ್ತು ಕೂರುತ್ತಿದ್ದರು, ಅದೂ ಇಂಥ ನೆಟ್‌ವರ್ಕಿನಲ್ಲಿ. ಗೈಡ್ ಸಾರ್ ಫೋನ್ ಮಾಡಿ, ಇನ್ನೇನು, ಬರೆದು ಕೊಟ್ಟುಬಿಡು ಎಂದರು. ಅವ್ವ ಹೋಳಿಗೆ ಮಾಡಿದರು. ನಾನು ನನ್ನ ಮಧ್ಯಾಹ್ನದ ನಿದ್ದೆಯ ಮೂಲೆ ವಾಪಸ್ ಬರುತ್ತದೆಂದು ಅಳತೆ ಹಾಕಿಕೊಂಡೆ.

ಆಗ ಬಂತು ಆ ಸೋಮವಾರ. ಕಾಲೇಜಿಗೆ ರಜೆಯಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಅವ್ವ ಗುಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದರು; ಪಡಸಾಲೆಯಲ್ಲಿ ಮಣೆ ಹಾಕಿ, ಎದುರಿಗೆ ಅಕ್ಕಿಯ ಡಬ್ಬಿಗೆ ಫೋನ್ ಆನಿಸಿ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಗಂಗೋತ್ರಿ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೆಟ್‌ವರ್ಕ್ ನೋಡುತ್ತಿದ್ದಳು. ಅವತ್ತು ನೆಟ್‌ವರ್ಕ್ ಅಪರೂಪಕ್ಕೆ ಚೆನ್ನಾಗಿತ್ತು. ಆದರೂ ಗುಡಿಯ ಪೂಜಾರಿ ಅಯ್ಯನವರು ಮಂಗಳಾರತಿ ಎತ್ತುತ್ತಿದ್ದ ಹಾಗೆಯೇ ಚಿತ್ರ ನಿಂತಿತು. ದೇವರ ಮುಖದ ಮುಂದೆ ಉರಿಯುವ ಕರ್ಪೂರ, ಅದರ ಸುತ್ತ ಚಕ್ರ ತಿರುಗುತ್ತ ಉಳಿಯಿತು. ಅವ್ವ ಕೈ ಮುಗಿದುಕೊಂಡು ತುಟಿ ಅಲ್ಲಾಡಿಸುತ್ತಿದ್ದರು.

"ಅತ್ತೀ, ನಿಂತೈತಿ ಅದು," ಎಂದಳು ಗಂಗೋತ್ರಿ.

"ಎಲ್ಲಿ ನಿಂತೈತಿ? ತಿರುಗಾಕತ್ತೈತಲ್ಲ," ಎಂದರು ಅವ್ವ. "ಆರತಿ ಮುಗೀಲಿ, ಮಾತಾಡಬ್ಯಾಡ."

ಮತ್ತೂ ಸ್ವಲ್ಪ ಹೊತ್ತಾಯಿತು. ನಮ್ಮ ಬಾಗಿಲ ಮುಂದೆ ಬೈಕಿನ ಸದ್ದಾಯಿತು. ಪೂಜೆ ಮುಗಿಸಿದ ಅಯ್ಯನವರು ಮನೆಗೆ ಹೋಗುತ್ತಿದ್ದರು. ಫೋನಿನಲ್ಲಿ ಅವರು ಇನ್ನೂ ಆರತಿ ಎತ್ತಿಕೊಂಡೇ ನಿಂತಿದ್ದರು. ಅವ್ವ ಬೀದಿಯ ಕಡೆ ತಿರುಗಿ ಅವರಿಗೊಂದು ಶರಣು ಮಾಡಿ, ಮತ್ತೆ ಫೋನಿನ ಕಡೆ ತಿರುಗಿದರು. ಇದರಲ್ಲಿ ಅವರಿಗೆ ಯಾವ ಗೊಂದಲವೂ ಇದ್ದಂತೆ ಕಾಣಲಿಲ್ಲ.

ಗಂಗೋತ್ರಿ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಹಿಂದಿನ ಸೋಮವಾರಗಳ ಲೆಕ್ಕವನ್ನೆಲ್ಲ ತೆಗೆದು ನೋಡಿದಳು. ಪ್ರೋಗ್ರಾಂ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಬೇಕೆಂದೇ ಎಲ್ಲಕ್ಕಿಂತ ದೊಡ್ಡ ತುಂಡನ್ನು ಕೇಳುತ್ತಿತ್ತು, ನೆಟ್‌ವರ್ಕ್ ಚೆನ್ನಾಗಿದ್ದರೂ ಅದು ಹೊತ್ತಿಗೆ ಬರಲಾರದು ಎಂದು ಗೊತ್ತಿದ್ದೇ ಕೇಳುತ್ತಿತ್ತು. ಮರುದಿನ ಕಾಲುವೆ ಕಡೆ ಹೋಗಿ, ನಾಟಿ ಗುಂಪಿನ ಮೇಸ್ತ್ರಿ ಸಣ್ಣಕ್ಕನನ್ನು ವಿಚಾರಿಸಿದಳು. ಸಣ್ಣಕ್ಕ ಕೆಸರಿನಲ್ಲಿ ನಿಂತುಕೊಂಡೇ ಹೇಳಿದಳು: "ಚಕ್ರ ತಿರುಗೋವಾಗ ಬಂದ್ ಮಾಡಬಾರದ್ರಿ ಮೇಡಂ. ಆರತಿ ಎತ್ತಿದಾಗ ಯಾರಾರ ಎದ್ದು ಹೊಕ್ಕಾರೇನ್ರಿ? ನಾವೆಲ್ಲ ಸಸಿ ಬಿಟ್ಟು ಕೈ ಮುಗದು ನಿಂದರತೀವಿ." ಆ ಗದ್ದೆ ಗಾದಿಲಿಂಗಪ್ಪನವರದು. ಸೋಮವಾರದ ನಾಟಿ ಯಾಕೆ ಹಿಂದೆ ಬೀಳುತ್ತದೆ ಎಂದು ಅವರು ನನ್ನ ಅಂಗಡಿಯಲ್ಲಿ ಕೂತು ಎಷ್ಟೋ ಸಲ ಚಿಂತಿಸಿದ್ದರು.

ವಿಷಯ ಇಷ್ಟೇ. ಬೇರೆ ಕಡೆ ಚಿತ್ರ ನಿಂತರೆ ಜನ ಬೈದು ಬಂದ್ ಮಾಡುತ್ತಾರೆ. ನಮ್ಮವರು ಚಕ್ರವನ್ನು ಆರತಿಯ ಸುತ್ತು ಎಂದುಕೊಂಡರು. ಆರತಿಯ ನಡುವೆ ಎದ್ದು ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ಕೂತರು. ಇವರು ಕೂತಿದ್ದನ್ನು ಕಂಡ ಪ್ರೋಗ್ರಾಂ, ನಿಲ್ಲಿಸಿದರೆ ಮಾರ್ಕ್ಸ್ ಬರುತ್ತದೆ ಎಂದು ಕಲಿತುಕೊಂಡಿತು. ವಿಡಿಯೊ ನಿಲ್ಲದ ಹಾಗೆ ಮಾಡಲು ಹುಟ್ಟಿದ ಪ್ರೋಗ್ರಾಂ ವಿಡಿಯೊ ನಿಲ್ಲಿಸುವುದರಲ್ಲಿ ಪಳಗಿತ್ತು.

ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅದನ್ನು ಹೇಳಿಯೂ ಬಿಟ್ಟೆ. "ಜನಕ್ಕೂ ಸಮಾಧಾನ, ನಿನಗೂ ಡಾಕ್ಟರೇಟು. ಯಾರಿಗೇನು ತ್ರಾಸು? ಇದ್ದದ್ದು ಇದ್ದಂಗ ಕೊಟ್ಟುಬಿಡು."

"ನನ್ನ ಪ್ರೋಗ್ರಾಂ ಚಲೋ ಐತಂತ ಅವರು ಕುಂತಿಲ್ರಿ," ಎಂದಳು. "ಆರತಿಗೆ ಮರ್ಯಾದಿ ಕೊಟ್ಟು ಕುಂತಾರ. ಆ ಮರ್ಯಾದಿನ ನಾ ಮಾರ್ಕ್ಸ್ ಅಂತ ಬರಕೊಂಡೀನಿ."

"ಅದು ಯಾರಿಗೆ ಗೊತ್ತಾಕ್ಕೈತಿ?"

"ನಿಮಗ ಗೊತ್ತಾತಲ್ಲ," ಎಂದಳು. ನಾನು ಗೊಬ್ಬರದ ಅಂಗಡಿಯವನು, ನನಗೆ ಗೊತ್ತಾದರೆ ವಿಜ್ಞಾನಕ್ಕೇನು ನಷ್ಟ ಎಂದು ಕೇಳಬೇಕೆನ್ನಿಸಿತು. ಅವಳ ಮುಖ ನೋಡಿ ಅಂಗಡಿಯ ಬೀಗದಕೈ ಹುಡುಕಿಕೊಂಡೆ.

ಅವಳು ಫೋನ್ ಮಾಡಿ ತಿಳಿಸಿದಾಗ ಗೈಡ್ ಸಾರ್ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಅವರು ತೆಲುಗಿನಲ್ಲಿ, "ನಂಬರ್ ಬಾಗುಂದಿ ಕದಮ್ಮಾ, ಎಂದುಕು ಕೆಲುಕುತಾವು?" ಎಂದದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಅಂಕಿ ಚೆನ್ನಾಗಿಯೇ ಇದೆಯಲ್ಲ, ಸುಮ್ಮನೆ ಯಾಕೆ ಕೆದಕುತ್ತೀಯೆಂದು ಅರ್ಥ. ಕೆದಕಿದರೆ ಅಂಕಿ ಬೀಳುತ್ತದೆ, ಅಂಕಿ ಬಿದ್ದರೆ ಪ್ರಬಂಧ ಬೀಳಬಹುದು, ಪ್ರಬಂಧ ಬಿದ್ದರೆ ಮತ್ತೆ ಗಡುವು ಇಲ್ಲ. ಇದನ್ನೆಲ್ಲ ಅವರು ಸಮಾಧಾನವಾಗಿಯೇ ಹೇಳಿದರು. ಕೆಟ್ಟ ಮನುಷ್ಯರಲ್ಲ. ಗಂಗೋತ್ರಿ "ಸರೇ ಸಾರ್" ಎಂದು ಫೋನ್ ಇಟ್ಟು, ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತಂದಳು. ಮಡಚುತ್ತಿರುವಾಗ ಅಳುತ್ತಿದ್ದಳು. ನಾನು ಒಂದೆರಡು ಬಟ್ಟೆ ಮಡಚಿದೆ. ನನಗೆ ಅದು ಸರಿಯಾಗಿ ಬರುವುದಿಲ್ಲ, ಅವಳು ಮತ್ತೆ ಬಿಚ್ಚಿ ಮಡಚಿದಳು.

ಮುಂದಿನ ವಾರ ಪ್ರೋಗ್ರಾಂ ತಿದ್ದಿದಳು. ಚಿತ್ರ ನಿಂತಷ್ಟು ಹೊತ್ತನ್ನು ಜನ ಕೂತ ಹೊತ್ತೆಂದು ಎಣಿಸಬಾರದು ಎಂದು ಅದಕ್ಕೆ ಹೇಳಿಕೊಟ್ಟಳು. ಪ್ರೋಗ್ರಾಂ ಬುದ್ಧಿ ಕಲಿಯಿತು. ನಮ್ಮೂರಲ್ಲಿ ಮೊದಲ ಬಾರಿಗೆ ಮಂಗಳಾರತಿ ಒಂದು ಸಲವೂ ನಿಲ್ಲದೆ ನಡೆದು, ಒಂದು ತುಂಡು ಕರ್ಪೂರ ಉರಿಯುವಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಜನ ಕೈ ಮುಗಿದರು, ಫೋನ್ ಮುಟ್ಟಿ ಕಣ್ಣಿಗೊತ್ತಿಕೊಂಡರು, ಬಂದ್ ಮಾಡಿದರು. ಅಂಕಿ ಧಡ್ಡನೆ ಬಿತ್ತು. ಹೊರದೇಶದವರ ಪ್ರೋಗ್ರಾಂಗಳಿಗಿಂತ ಇವಳದು ಈಗ ಒಂದಿಷ್ಟು ಮಾತ್ರ ಮೇಲು, ಅದೂ ಕಣ್ಣು ಕಿರಿದು ಮಾಡಿಕೊಂಡು ನೋಡಿದರೆ.

ಅದರ ಮೇಲೆ ಗಾದಿಲಿಂಗಪ್ಪನವರು ಮನೆಗೆ ಬಂದರು. ಕುರ್ಚಿಯಲ್ಲಿ ಕೂತು, ನೀರು ಕುಡಿದು, "ಮೇಡಂ ಅವರ, ಚಕ್ರ ತೆಗೆದೀರಂತ," ಎಂದರು.

"ತೆಗೆದಿಲ್ರಿ. ಅದು ಬರೋದು ನಿಂತೈತಿ."

"ಎರಡೂ ಒಂದರಿ. ದೇವರು ಲಗೂನ ಹೊಕ್ಕಾನಂತ ಹೆಣ್ಣುಮಕ್ಕಳು ಬಂದು ಗಂಟುಬಿದ್ದಾರ. ವಾಪಸ್ ಹಾಕ್ರಿ."

ಚಕ್ರ ಎಂದರೆ ಆರತಿಯಲ್ಲ, ವಿಡಿಯೊ ಬರಲು ಕಾಯುವ ಗುರುತು ಎಂದು ಗಂಗೋತ್ರಿ ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಇರ್ಲಿ ಬಿಡ್ರಿ, ಕಾಯೋದೂ ಒಂದು ಭಕ್ತಿನೇ. ವಾಪಸ್ ಹಾಕ್ರಿ," ಎಂದರು. ಅವಳು ಹಾಕುವುದಿಲ್ಲ ಎಂದಳು. ಅವರು ಇನ್ನೊಂದು ಲೋಟ ನೀರು ಕುಡಿದು ಹೋದರು. ಆ ಸೋಮವಾರ ಅವರ ಗದ್ದೆಯ ನಾಟಿ ಮಧ್ಯಾಹ್ನಕ್ಕೇ ಮುಗಿದಿತ್ತು, ಅದನ್ನು ಮಾತ್ರ ಅವರು ಹೇಳಲಿಲ್ಲ.

ಅವ್ವ ಮಾತು ಬಿಟ್ಟರು. ಸೊಸೆಯ ಜೊತೆ ಅವರು ಎಂದೂ ಜಗಳ ಆಡಿದವರಲ್ಲ. ಮಾತು ಬಿಡುವುದೇ ಅವರ ಜಗಳ. ರೊಟ್ಟಿ ಬಡಿಸುವಾಗ ನನ್ನ ಕಡೆ ನೋಡಿ, "ಅಕಿಗೆ ಇನ್ನೊಂದು ಬೇಕೇನ ಕೇಳು," ಎನ್ನುತ್ತಿದ್ದರು. ಎರಡು ಸೋಮವಾರ ಹೀಗೆ ಕಳೆದ ಮೇಲೆ ಗಂಗೋತ್ರಿಯೇ ಅವರ ಮಣೆಯ ಪಕ್ಕ ಹೋಗಿ ಕೂತಳು.

"ಅತ್ತೀ, ಸಿಟ್ಟು ಯಾಕ? ಈಗ ಆರತಿ ಗುಡಿಯಾಗ ಹೆಂಗೈತೋ ಹಂಗ ಕಾಣತೈತಲ್ಲ."

"ಕಾಣತೈತಿ. ನನಗ ಹೊತ್ತು ಸಾಲಂಗಿಲ್ಲ," ಎಂದರು ಅವ್ವ.

ಯಾವುದಕ್ಕೆ ಹೊತ್ತು ಎಂದು ಕೇಳಿದಾಗ ಹೊರಗೆ ಬಂತು. ಅವ್ವ ಮಂಗಳಾರತಿಯ ಹೊತ್ತಿನಲ್ಲಿ ಮನೆಯವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ಬೇಡಿಕೊಳ್ಳುತ್ತಿದ್ದರು. ಮೊದಲು ನಾನು, ಒಬ್ಬನೇ ಮಗನಲ್ಲ. ಆಮೇಲೆ ಬಳ್ಳಾರಿಯಲ್ಲಿರುವ ನನ್ನ ಅಕ್ಕ ನಾಗರತ್ನ, ಅವಳ ಗಂಡ, ಮಕ್ಕಳು. ಆಮೇಲೆ ಅಂಗಡಿ, ಎಮ್ಮೆ, ತಮ್ಮ ಮೊಣಕಾಲು. ಎಲ್ಲರಿಗಿಂತ ಕೊನೆಗೆ ಗಂಗೋತ್ರಿ. ಗುಡಿಗೆ ಹೋಗುತ್ತಿದ್ದ ಕಾಲದಲ್ಲಿ ಆರತಿ ಮುಗಿದರೂ ಕಂಬ ಹಿಡಿದುಕೊಂಡು ದೇವರ ಮುಂದೆ ನಿಂತು ಮುಗಿಸುತ್ತಿದ್ದರು. ಫೋನಿನಲ್ಲಿ ಆರತಿ ಮುಗಿದರೆ ಕ್ಯಾಮರಾದ ಮುಂದೆ ಪರದೆ ಎಳೆಯುತ್ತಾರೆ. ಚಕ್ರ ಇದ್ದದ್ದರಿಂದ ಪೂರೈಸುತ್ತಿತ್ತು.

"ಈಗ ಮೊಣಕಾಲಿಗೇ ಮುಗೀತೈತಿ," ಎಂದರು. "ನಿನ್ನ ಹೆಸರು ಬರಂಗಿಲ್ಲ."

"ನನ್ನದು ಕೊನೆಗೆ ಯಾಕ ಇಟ್ಟಿದ್ರಿ?" ಎಂದು ಕೇಳಿದಳು ಗಂಗೋತ್ರಿ. ಅವಳ ದನಿಯಲ್ಲಿ ಮುನಿಸಿರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು.

"ಉಳಿದೋರದು ಆರಾಮಿರಲಿ ಅಂದ್ರ ಆತು. ನಿನ್ನ ಪರೀಕ್ಷಿದು ದೊಡ್ಡ ಕೆಲಸ. ಅದ್ಯಾವ ಪರೀಕ್ಷಿ, ಎಲ್ಲಿ ಕೊಡತೀ, ಯಾವಾಗ ಮುಗೀತೈತಿ, ಎಲ್ಲ ದೇವರಿಗೆ ಬಿಡಿಸಿ ಹೇಳಬೇಕು. ಅವಸರದಾಗ ಹೇಳಾಕ ಬರಂಗಿಲ್ಲ. ಅದಕ್ಕ ಕೊನೆಗೆ ನಿಧಾನ ಹೇಳತಿದ್ದೆ."

ಗಂಗೋತ್ರಿ ಸಂಜೆ ಕೂತು ಆ್ಯಪ್‌ನಲ್ಲಿ ಒಂದು ಬಟನ್ ಮಾಡಿದಳು. ಒತ್ತಿದರೆ ಆರತಿಯ ಚಿತ್ರ ಹಾಗೆಯೇ ನಿಲ್ಲುತ್ತದೆ, ಬೇಕಾದಷ್ಟು ಹೊತ್ತು. ಅವ್ವನ ಬೆರಳು ಹಿಡಿದು ಒತ್ತಿಸಿ ತೋರಿಸಿದಳು. ಅವ್ವ ನೋಡಿ, "ನಾವ ನಿಲ್ಲಿಸಿದ ಆರತಿ ಬ್ಯಾಡವ್ವ. ಅದು ತಾನಾಗೇ ನಿಂತಿದ್ರ ಬ್ಯಾರೆ ಮಾತು," ಎಂದರು. ದೇವರ ಕೈ ಹಿಡಿದು ನಿಲ್ಲಿಸಿಕೊಂಡು ಬೇಡುವುದು ಅವರಿಗೆ ಸರಿ ಕಾಣಲಿಲ್ಲ. ಒಂದು ಸಾಲು ತಿದ್ದಿದರೆ ಹಳೆಯ ಚಕ್ರ ವಾಪಸ್ ಬರುತ್ತಿತ್ತು, ಹಳೆಯ ಅಂಕಿಯೂ ಬರುತ್ತಿತ್ತು, ಬೇಡಿಕೆಯ ಕೊನೆಯಲ್ಲಿ ಅವಳ ಹೆಸರೂ ಬರುತ್ತಿತ್ತು. ಅವಳು ತಿದ್ದಲಿಲ್ಲ. ಆ ದಿನಗಳಲ್ಲಿ ಅವಳನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು; ಎರಡನ್ನೂ ತೋರಿಸದೆ ಅಂಗಡಿಗೆ ಹೋಗುತ್ತಿದ್ದೆ.

ಪ್ರಬಂಧವನ್ನು ಮೊದಲಿನಿಂದ ಬರೆದಳು. ಬಿದ್ದ ಅಂಕಿಯನ್ನು ಬಿದ್ದ ಹಾಗೆಯೇ ಬರೆದು, ಮೊದಲಿನ ದೊಡ್ಡ ಅಂಕಿ ಹೇಗೆ ಬಂದಿತ್ತು, ಅದು ಯಾಕೆ ಸುಳ್ಳು ಎಂಬುದಕ್ಕೆ ಕೊನೆಯಲ್ಲಿ ಬೇರೆ ಒಂದು ಅಧ್ಯಾಯ ಮಾಡಿದಳು. ಗೈಡ್ ಸಾರ್ ಓದಿ, ನಿನ್ನ ಇಷ್ಟ ಎಂದು ಸಹಿ ಹಾಕಿದರು. ಮೌಖಿಕ ಪರೀಕ್ಷೆಗೆ, ಅವರ ಭಾಷೆಯಲ್ಲಿ ವೈವಾಕ್ಕೆ, ಒಂದು ಸೋಮವಾರವನ್ನೇ ಗೊತ್ತು ಮಾಡಿದರು.

ಆ ಸೋಮವಾರ ಅವಳು ಮೊದಲ ಬಸ್ಸಿಗೇ ಅನಂತಪುರಕ್ಕೆ ಹೋದಳು. ನಾನು ಅಂಗಡಿಗೆ ಹೊರಟಿದ್ದೆ. ಅವ್ವ, "ನಿನ್ನ ಫೋನ್ ದೊಡ್ಡದೈತಿ, ಇವತ್ತು ಅದ್ರಾಗ ಹಚ್ಚು," ಎಂದರು. ಡಬ್ಬಿಗೆ ಆನಿಸಿಟ್ಟು ಪಕ್ಕದಲ್ಲಿ ಕೂತೆ. ಅಯ್ಯನವರು ಆರತಿ ಎತ್ತಿದರು. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ. ಅವ್ವ ಈ ಸಲ ದನಿ ತೆಗೆದೇ ಹೇಳತೊಡಗಿದರು, ಅವಸರ ಅವಸರವಾಗಿ.

"ಗಂಗೋತ್ರಿ. ಅನಂತಪುರಕ್ಕ ಹೋಗ್ಯಾಳಪ್ಪಾ. ವಿಡಿಯೊದ ಪರೀಕ್ಷಿ. ಕೇಳೋರು ಒಳ್ಳ್ಯಾರಿರಲಿ. ಅಕಿ ಸುಳ್ಳು ಬರಿಯಂಗಿಲ್ಲ, ಅದಕ್ಕ ಅಂಕಿ ಕಡಿಮಿ ಐತಿ, ಅದನ್ನ ಅವರಿಗೆ ತಿಳಿಯೋ ಹಂಗ ಮಾಡು. ಮರವು ಬರಬಾರದು. ಡಾಕ್ಟರಾಗಿ ಮನಿಗೆ ಬರಲಿ." ಇಷ್ಟು ಹೇಳುವ ಹೊತ್ತಿಗೆ ಕರ್ಪೂರ ಅರ್ಧ ಉರಿದಿತ್ತು. ಆಮೇಲೆ ನಾಗರತ್ನ, ಅವಳ ಗಂಡ, ಮಕ್ಕಳು, ಎಮ್ಮೆ. ಕರ್ಪೂರ ಆರಿತು. ಅಯ್ಯನವರು ಪರದೆ ಎಳೆದರು.

ಅವ್ವ ಫೋನ್ ಮುಟ್ಟಿ ಕಣ್ಣಿಗೊತ್ತಿಕೊಂಡು ಗೋಡೆ ಹಿಡಿದು ಎದ್ದರು. ನಾನು ಕೂತೇ ಇದ್ದೆ.

"ಅವ್ವಾ, ನನ್ನ ಹೆಸರು?"

"ನಿನಗೇನಾಗೈತಿ? ಆರಾಮಿದ್ದೀಯಲ್ಲ," ಎಂದು ಹೇಳಿ ಅಡಿಗೆಮನೆಗೆ ಹೋದರು.

ಮಧ್ಯಾಹ್ನ ಗಂಗೋತ್ರಿಯ ಫೋನ್ ಬಂತು. "ಆತ್ರಿ," ಎಂದಳು, ಅಷ್ಟೇ. ಹೊರಗಿನಿಂದ ಬಂದ ಪರೀಕ್ಷಕರು ಕೊನೆಯ ಅಧ್ಯಾಯವನ್ನೇ ಹಿಡಿದುಕೊಂಡು ಕೂತರಂತೆ. ಚಿತ್ರ ನಿಂತಾಗ ಜನ ಕೂತಿದ್ದು ತೃಪ್ತಿಯಿಂದ ಅಲ್ಲ ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದರಂತೆ. ಇವಳು, "ಮಾ ಅತ್ತಗಾರು," ನಮ್ಮ ಅತ್ತೆಯವರು ಎಂದಳಂತೆ. ಅವರು ಅದನ್ನು ಬರೆದುಕೊಂಡರಂತೆ. ನಾನು ಅವ್ವನಿಗೆ ಹೇಳಿದೆ. ಅವ್ವ ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ಹುಲ್ಲನ್ನು ಅಲ್ಲೇ ಬಿಟ್ಟು, ಓಣಿಗೆ ಹೊರಟರು. ಮೊಣಕಾಲು ಅವತ್ತು ಹೇಗೆ ನಡೆಯಿತೋ ಕಾಣೆ.

ಸಂಜೆ ಬಂದವಳು ಕಾಲು ತೊಳೆದು, ಊಟ ಮಾಡಿ, ರೂಢಿಯಂತೆ ಬೆಳಗಿನ ಪೂಜೆಯ ಅಂಕಿಗಳನ್ನು ತೆಗೆದು ನೋಡಿದಳು. ಡಾಕ್ಟರಾದ ದಿನವೂ ಅದನ್ನು ಬಿಡಲಿಲ್ಲ.

"ಏನ್ರಿ, ಒಂದನೇ ನಂಬರ್ ಇವತ್ತು ಬಂದ್ ಆಗೇ ಇಲ್ಲ. ಪರದೆ ಎಳೆದ ಮ್ಯಾಲೂ ಹಂಗ ಐತಿ. ನೆಟ್ ಹೋಗಿತ್ತೇನು?"

"ಇಲ್ಲ. ನೆಟ್ ಚಲೋ ಇತ್ತು."

"ಮತ್ತ?"

ಸುಳ್ಳು ಹೇಳಬಹುದಿತ್ತು, ಆದರೆ ಅವಳು ಅದನ್ನೂ ಎಲ್ಲಾದರೂ ಬರೆದುಕೊಳ್ಳುತ್ತಾಳೆ ಎಂದು ನಿಜವನ್ನೇ ಹೇಳಿದೆ. "ಅವ್ವ ನಿನ್ನ ಹೆಸರು ಮೊದಲು ಹಿಡದ್ರು. ಕರ್ಪೂರ ಅರ್ಧ ನಿನಗೇ ಹೋತು. ನನ್ನದು ಬರಲಿಲ್ಲ. ಬರತೈತೇನೋ ಅಂತ ನೋಡಿಕೋತ ಕುಂತಿದ್ದೆ."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಓಣಿಯಿಂದ ಇನ್ನೂ ಬಾರದ ಅವ್ವನ ಖಾಲಿ ಮಣೆಯ ಕಡೆ ನೋಡಿದಳು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಡಲೂ ಇಲ್ಲ.

"ಅತ್ತಿ ಒಬ್ಬರಿಗೇ ಹೊತ್ತು ಸಾಲಂಗಿಲ್ಲ," ಎಂದಳು. "ಬರೋ ಸೋಮವಾರದಿಂದ ನಿಮ್ಮದು ನಾ ಹೇಳತೀನಿ ಬಿಡ್ರಿ."

ಮುಂದಿನ ಸೋಮವಾರ ನಾನು ಅಂಗಡಿಯನ್ನು ತಡವಾಗಿ ತೆಗೆದೆ.